ನಿಮಗಿದು ಗೊತ್ತೆ? ಪುಚ್ಚೆಯೂ ಬೆಕ್ಕೇ, ಮಾಜರೂ ಬೆಕ್ಕೇ!

• ಕಾರ್ಕಳ ತಾಲ್ಲೂಕಿನ ಅಜೆಕಾರಿನಂಥ ಊರಲ್ಲಿ ತುಳು, ಕೊಂಕಣಿ, ಕನ್ನಡ ಮನೆಮಾತಿನ ಮಕ್ಕಳು ಅಂಗನವಾಡಿಯ ಒಂದೇ ಚಾಪೆಯ ಮೇಲೆ ಕೂರುವುದು ಹೊಸತಲ್ಲ. ಕನ್ನಡದ ಬೆಕ್ಕು ತುಳುವಿನಲ್ಲಿ ‘ಪುಚ್ಚೆ’, ಕೊಂಕಣಿಯಲ್ಲಿ ‘ಮಾಜರ್’.

• ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುತ್ತದೆ ಎಂಬುದು ತಪ್ಪು ನಂಬಿಕೆ. ಮಗುವಿಗೆ ಎಷ್ಟು ಪದ ಗೊತ್ತು ಎಂದು ನೋಡುವಾಗ ಎಲ್ಲ ಭಾಷೆಯ ಪದಗಳನ್ನೂ ಸೇರಿಸಿ ಎಣಿಸಬೇಕು.

• ಮಗು ಅಂಗಳದತ್ತ ಬೆರಳು ತೋರಿಸಿ ‘ಪುಚ್ಚೆ’ ಎಂದರೆ ‘ಹಾಗಲ್ಲ’ ಎಂದು ಗದರಬೇಕಿಲ್ಲ. ‘ಹೌದು, ಪುಚ್ಚೆ! ಕಪ್ಪು ಬೆಕ್ಕು ಓಡ್ತಾ ಇದೆ’ ಎಂದರೆ ಸಾಕು. ಮನೆಯ ಪದವೂ ಉಳಿಯಿತು, ಹೊಸ ವಾಕ್ಯವೂ ಸಿಕ್ಕಿತು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ತುಸು ಹೊತ್ತು ಸುಮ್ಮನೆ ಕಾಯುವುದೂ ಪಾಠವೇ.

• ಸಾಮಾನ್ಯವಾಗಿ 1 ವರ್ಷದ ಆಸುಪಾಸಿನಲ್ಲಿ ಮೊದಲ ಪದ. 2 ವರ್ಷಕ್ಕೆ ‘ಅಮ್ಮ ಬಾ’ ಎಂಬಂಥ ಎರಡು ಪದಗಳ ಜೋಡಣೆ. ‘ರ’ ಬದಲು ‘ಲ’ ಎನ್ನುವ ತೊದಲು ಎಳೆಯರಲ್ಲಿ ಸಹಜ.

• ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ.

• 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳಿಗೆ ವರ್ಷಕ್ಕೆ ಎರಡು ಬಾರಿ ತಪಾಸಣೆ ನಡೆಯಬೇಕು. ಶ್ರವಣದೋಷ, ಮಾತಿನ ವಿಳಂಬ ಎರಡೂ ಅದರ ಪಟ್ಟಿಯಲ್ಲಿವೆ.

• ಮಾತು ತಡವಾದರೆ ಮೊದಲು ಕಿವಿ ಪರೀಕ್ಷಿಸಿ. ಕೇಳಿದ್ದನ್ನೇ ತಾನೇ ಮಗು ಆಡುವುದು? ಇದಕ್ಕೆ ಮಣಿಪಾಲದಲ್ಲೇ ವಾಕ್ ಮತ್ತು ಶ್ರವಣ ತಜ್ಞರಿದ್ದಾರೆ.