ಅರೆಬರೆ ಮನೆ, ಅಡ್ಡದಾರಿಯ ಶುಲ್ಕ: ಗೃಹಸ್ಥರು ಅರಿತಿರಬೇಕಾದ ಗ್ರಾಹಕ ನ್ಯಾಯ

ಗೃಹಸ್ಥನ ಬಾಳಿನಲ್ಲಿ ಸ್ವಂತ ಮನೆಯೆಂಬುದು ಒಂದು ದೊಡ್ಡ ಸಂಕಲ್ಪ. ಲಿಂಗಪೂಜೆಗೊಂದು ಶುಚಿಯಾದ ಮೂಲೆ, ಬಂದ ಜಂಗಮರಿಗೊಂದು ಗದ್ದುಗೆ, ಮಕ್ಕಳ ಓದಿಗೊಂದು ಕೋಣೆ ಎಂದು ಕನಸು ಕಟ್ಟಿ, ಜೀವಮಾನದ ಉಳಿತಾಯವನ್ನೆಲ್ಲ ಇಟ್ಟಂಗಿ ಸಿಮೆಂಟಿಗೆ ಸುರಿಯುತ್ತೇವೆ. ಆ ಮನೆ ಅರ್ಧಕ್ಕೇ ನಿಂತಾಗ ಆಗುವ ಸಂಕಟವನ್ನು ಉಂಡವರೇ ಬಲ್ಲರು. ನಾವೂ ಅದನ್ನು ಉಂಡವರಾದುದರಿಂದ, ಓದುಗ ಬಂಧುಗಳಿಗೆ ಉಪಯುಕ್ತವಾದೀತೆಂಬ ಭಾವದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಹುಬ್ಬಳ್ಳಿಯ ಒಂದು ಬಡಾವಣೆಯಲ್ಲಿ ಮೂವತ್ತಕ್ಕೆ ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸಲು 2021ರ ಜನವರಿಯಲ್ಲಿ ಒಬ್ಬ ಗುತ್ತಿಗೆದಾರರೊಡನೆ ಕರಾರು ಮಾಡಿಕೊಂಡೆವು. ಸಾಮಾನು ಸಹಿತ 22 ಲಕ್ಷ ರೂಪಾಯಿ. ಹನ್ನೊಂದು ತಿಂಗಳ ಗಡುವು. ಅವರು ನಮ್ಮ ಮಠದ ಭಕ್ತರೇ ಆಗಿದ್ದುದರಿಂದ ಕೇಳಿದಾಗಲೆಲ್ಲ ಕಂತು ಕೊಟ್ಟೆವು. 16 ಲಕ್ಷ ಸಂದಾಯವಾಗುವ ಹೊತ್ತಿಗೆ ಸ್ಲ್ಯಾಬೇನೋ ಬಿದ್ದಿತ್ತು. ಗಿಲಾವು, ಫರಶಿ, ಬಾಗಿಲು ಯಾವುದೂ ಇರಲಿಲ್ಲ. 2022ರ ಫೆಬ್ರುವರಿಯಲ್ಲಿ ಆಳುಗಳು ಬರುವುದು ನಿಂತಿತು. ಒಂದೆಡೆ ಬಾಡಿಗೆ, ಇನ್ನೊಂದೆಡೆ ಬ್ಯಾಂಕಿನ ಸಾಲದ ಕಂತು. ಯುಗಾದಿಯ ನಂತರ ಎಂದರು, ದೀಪಾವಳಿಯ ನಂತರ ಎಂದರು. ಹಿರಿಯರು ಎರಡು ಬಾರಿ ಕೂಡಿಸಿ ಮಾತಾಡಿಸಿದರು. ಪ್ರತಿ ಸಲವೂ ಅವರು ಕೈಮುಗಿದು ಒಪ್ಪಿಕೊಂಡರು. ಪ್ರತಿ ಸಲವೂ ಮಾತು ಮಾತಾಗಿಯೇ ಉಳಿಯಿತು.

2023ರ ಅಕ್ಟೋಬರಿನಲ್ಲಿ ವಕೀಲಿ ವೃತ್ತಿಯಲ್ಲಿರುವ ನಮ್ಮ ಸೋದರಮಾವನವರು ಮನೆಗೆ ಬಂದಾಗ ಕಾಗದಪತ್ರಗಳನ್ನು ನೋಡಿ, "ಇನ್ನ ನಾಕ ತಿಂಗಳಷ್ಟ ಉಳದಾವ, ಆಮ್ಯಾಲ ಕೇಳಾಕ ಬಾಯಿ ಇರೂದಿಲ್ಲ" ಎಂದರು. ನಮ್ಮ ತಾಯಿಯವರು ಅಳುಕಿದರು. "ಅವ ನಮ್ಮ ಮಠದ ಭಕ್ತಪಾ. ಕೋರ್ಟಿಗೆ ಎಳದ್ರ ನಾಳೆ ದಾಸೋಹದ ಪಂಕ್ತಿಯೊಳಗ ಹೆಂಗ ಮುಖಾ ತೋರಸೂದು?" ಎಂದರು. ಮಾವನವರ ಉತ್ತರ ಇಂದಿಗೂ ನಮ್ಮ ಕಿವಿಯಲ್ಲಿದೆ: "ಅಕ್ಕಾ, ಮುಖಾ ತೋರಸಾಕ ಅವಗ ಕಷ್ಟ ಆಗಬೇಕು, ನಿನಗಲ್ಲ."

ಕಾನೂನು ಹೇಳುವುದೇನು?

ಮನೆ ಕಟ್ಟಿಕೊಡುವುದು ಒಂದು 'ಸೇವೆ'. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ 1993ರಲ್ಲಿ ತಂದ ತಿದ್ದುಪಡಿಯಲ್ಲಿ ಗೃಹ ನಿರ್ಮಾಣವನ್ನು ಸೇವೆಯ ವ್ಯಾಖ್ಯೆಯೊಳಗೆ ಸ್ಪಷ್ಟವಾಗಿ ಸೇರಿಸಲಾಯಿತು. ಅದೇ ವರ್ಷ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಮನೆ ಕಟ್ಟಿಕೊಡುವ ಸರ್ಕಾರಿ ಸಂಸ್ಥೆಗಳೂ ಈ ಕಾಯ್ದೆಗೆ ಹೊರತಲ್ಲವೆಂದು ತೀರ್ಪಿತ್ತಿತು. ಈಗ ಜಾರಿಯಲ್ಲಿರುವುದು 2019ರ ಕಾಯ್ದೆ. 2020ರ ಜುಲೈ 20ರಿಂದ ಅದು ಹಳೆಯ ಕಾಯ್ದೆಯ ಸ್ಥಾನದಲ್ಲಿ ಬಂದಿದೆ. ಪಿತ್ರಾರ್ಜಿತ ನಿವೇಶನವನ್ನು ಬಿಲ್ಡರಿಗೆ ಒಪ್ಪಿಸಿ, ಪ್ರತಿಯಾಗಿ ಕಟ್ಟಡದ ಒಂದು ಪಾಲನ್ನು ಪಡೆಯುವ ಜಮೀನಿನ ಒಡೆಯನೂ ಗ್ರಾಹಕನೇ ಎಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದರೆ ಕೇವಲ ವಾಣಿಜ್ಯ ಉದ್ದೇಶಕ್ಕಾಗಿ ಪಡೆದ ಸೇವೆಗೆ ಈ ರಕ್ಷಣೆ ದೊರೆಯದು.

ದೂರು ಕೊಡಲು ಇರುವ ಕಾಲಮಿತಿ, ಕಾರಣ ಉಂಟಾದ ದಿನದಿಂದ ಎರಡು ವರ್ಷ. ತಡವಾದರೆ ತಕ್ಕ ಕಾರಣ ತೋರಿಸಿ ಕ್ಷಮೆ ಕೋರಬಹುದಾದರೂ, ಅದನ್ನು ಒಪ್ಪುವುದು ಬಿಡುವುದು ಆಯೋಗಕ್ಕೆ ಸೇರಿದ್ದು. ಹಿರಿಯರ ಪಂಚಾಯ್ತಿ ನಡೆಯುತ್ತಿದೆಯೆಂದು ಗಡಿಯಾರ ನಿಲ್ಲುವುದಿಲ್ಲ. ನಮ್ಮ ಸಮಾಜದ ಕುಟುಂಬಗಳು ಬಹುವಾಗಿ ಎಡವುವುದು ಇಲ್ಲಿಯೇ ಎಂಬುದು ನಮ್ಮ ಅನುಭವ. ರಾಜಿಗೆ ಕೂಡಿರಿ, ತಪ್ಪಿಲ್ಲ. ಆದರೆ ರಾಜಿಯ ಮಾತನ್ನು ತಾರೀಖು ಸಹಿತ ಬರವಣಿಗೆಯಲ್ಲಿ ತೆಗೆದುಕೊಳ್ಳಿರಿ, ಎರಡು ವರ್ಷದ ಗಡಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿರಿ.

ಎಲ್ಲಿಗೆ ಹೋಗಬೇಕು?

ಸೇವೆಗಾಗಿ ತೆತ್ತ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅದಕ್ಕೂ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. ಅದನ್ನೂ ಮೀರಿದರೆ ರಾಷ್ಟ್ರೀಯ ಆಯೋಗ. ಇದು 2021ರ ಡಿಸೆಂಬರಿನ ನಿಯಮಗಳಂತೆ ಬಂದ ಮಿತಿ. ದೂರುದಾರನು ತಾನು ವಾಸವಿರುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದೆಂಬುದು 2019ರ ಕಾಯ್ದೆಯ ದೊಡ್ಡ ಅನುಕೂಲ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ವಕೀಲರನ್ನು ಇಡಲೇಬೇಕೆಂಬ ಕಡ್ಡಾಯವಿಲ್ಲ. 'ಇ-ಜಾಗೃತಿ' ಎಂಬ ಸರ್ಕಾರದ ಅಂತರ್ಜಾಲ ತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಲೂಬಹುದು. ದೂರಿಗೆ ಮುಂಚೆ ಸಲಹೆ ಬೇಕಾದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ.

ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡವರಿಗೆ ಇನ್ನೊಂದು ಬಾಗಿಲೂ ಇದೆ. ಅದು 2016ರ ರಿಯಲ್ ಎಸ್ಟೇಟ್ ಕಾಯ್ದೆ, ಜನರ ಬಾಯಲ್ಲಿ 'ರೇರಾ'. 500 ಚದರ ಮೀಟರಿಗಿಂತ ಹೆಚ್ಚಿನ ನಿವೇಶನದಲ್ಲಿ ಎಂಟಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟಿ ಮಾರುವ ಯೋಜನೆಗಳಿಗೆ ನೋಂದಣಿ ಕಡ್ಡಾಯ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಹಿತ ಹಣ ಹಿಂಪಡೆಯಬಹುದು. ಮನೆಯೇ ಬೇಕೆನ್ನುವವರು ಕೈಗೆ ಬರುವವರೆಗೆ ತಿಂಗಳು ತಿಂಗಳಿಗೆ ಬಡ್ಡಿ ಕೇಳಬಹುದು. ಸ್ವಾಧೀನ ಪಡೆದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ ಉಚಿತವಾಗಿ ಸರಿಪಡಿಸುವುದು ಕಟ್ಟಿದವನ ಹೊಣೆ. ರೇರಾ ಇದೆಯೆಂದು ಗ್ರಾಹಕ ಆಯೋಗದ ಬಾಗಿಲು ಮುಚ್ಚಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆದರೆ ನಮ್ಮಂತೆ ಸ್ವಂತ ನಿವೇಶನದಲ್ಲಿ ಗುತ್ತಿಗೆ ಕೊಟ್ಟು ಒಂದೇ ಮನೆ ಕಟ್ಟಿಸುವವರಿಗೆ ತಕ್ಕ ದಾರಿ ಗ್ರಾಹಕ ಆಯೋಗವೇ.

ನಮ್ಮ ದೂರಿನ ಕಥೆ

ಮೊದಲು ನೋಂದಾಯಿತ ಅಂಚೆಯಲ್ಲಿ ನೋಟೀಸು ಕಳುಹಿಸಿದೆವು. ಅನಂತರ ಪರವಾನಗಿಯುಳ್ಳ ಎಂಜಿನಿಯರೊಬ್ಬರಿಂದ ಆದ ಕೆಲಸದ ಅಳತೆ ಮಾಡಿಸಿದೆವು. ಆದ ಕೆಲಸದ ಮೌಲ್ಯ 11.5 ಲಕ್ಷವೆಂದು ಅವರ ವರದಿ ಹೇಳಿತು. ಎಂದರೆ ನಾಲ್ಕೂವರೆ ಲಕ್ಷ ಹೆಚ್ಚಿಗೆ ಹೋಗಿತ್ತು. ಛಾಪಾ ಕಾಗದದ ಕರಾರು, ಬ್ಯಾಂಕಿನ ಮೂಲಕ ಹಣ ಸಂದಾಯವಾದ ದಾಖಲೆ, ತಾರೀಖು ಇರುವ ಛಾಯಾಚಿತ್ರಗಳು, ಎಂಜಿನಿಯರರ ವರದಿ, ಪ್ರಮಾಣಪತ್ರ ಇವಿಷ್ಟನ್ನು ಜೋಡಿಸಿ 2023ರ ಡಿಸೆಂಬರಿನಲ್ಲಿ ಜಿಲ್ಲಾ ಆಯೋಗಕ್ಕೆ 400 ರೂಪಾಯಿ ಶುಲ್ಕದೊಡನೆ ದೂರು ಸಲ್ಲಿಸಿದೆವು. ಕೈಯಲ್ಲಿ ಕೊಟ್ಟ ಒಂದು ಲಕ್ಷಕ್ಕೆ ರಸೀದಿ ಇರಲಿಲ್ಲ. ಗುತ್ತಿಗೆದಾರರು ಅದನ್ನು ಅಲ್ಲಗಳೆಯಲಿಲ್ಲವೆಂಬುದು ನಮ್ಮ ಪುಣ್ಯ. ಅಲ್ಲಗಳೆದಿದ್ದರೆ ನಮ್ಮ ಬಳಿ ಉತ್ತರವಿರುತ್ತಿರಲಿಲ್ಲ.

ಉಭಯ ಪಕ್ಷಗಳೂ ಒಪ್ಪಿದರೆ ಆಯೋಗವೇ ವ್ಯಾಜ್ಯವನ್ನು ಮಧ್ಯಸ್ಥಿಕೆಗೆ ಒಪ್ಪಿಸಲು 2019ರ ಕಾಯ್ದೆಯಲ್ಲಿ ಅವಕಾಶವಿದೆ. ಹಾಗೆ ಎದುರುಬದುರು ಕುಳಿತಾಗ ಗುತ್ತಿಗೆದಾರರು ಬಾಯಿಬಿಟ್ಟು ಹೇಳಿದರು: ನಮ್ಮ ಹಣವನ್ನು ಮತ್ತೊಂದು ಮನೆಯ ಕೆಲಸಕ್ಕೆ ಹಾಕಿದ್ದರು, ಆ ಮನೆಯವರು ಅವರಿಗೆ ಹಣ ಕೊಡದೆ ಸತಾಯಿಸಿದ್ದರು. ಎರಡು ವರ್ಷ ನಾವು ವಂಚನೆಯೆಂದು ಬೈದುಕೊಂಡಿದ್ದರಲ್ಲಿ ಅರ್ಧ ಅಸಹಾಯಕತೆಯೂ ಇತ್ತೆಂಬುದು ಅಂದು ತಿಳಿಯಿತು. ಆದರೆ ಅದರಿಂದ ನಮ್ಮ ಬಾಡಿಗೆಯೇನೂ ಕಡಿಮೆಯಾಗಿರಲಿಲ್ಲ. ನಾಲ್ಕು ಕಂತುಗಳಲ್ಲಿ ನಾಲ್ಕು ಲಕ್ಷ ಹಿಂತಿರುಗಿಸುವುದೆಂದು ಒಪ್ಪಂದವಾಯಿತು. ಆಯೋಗ ಅದನ್ನು ಆದೇಶವಾಗಿ ದಾಖಲಿಸಿತು. ಆಯೋಗದ ಆದೇಶವನ್ನು ಪಾಲಿಸದವನಿಗೆ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆ, ಕನಿಷ್ಠ 25,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಹಿರಿಯರ ಮುಂದೆ ಆಡಿದ ಮಾತಿಗೆ ಇಲ್ಲದಿದ್ದ ತೂಕ ಇದಕ್ಕೆ ಬಂತು. ಕೊನೆಯ ಕಂತು ಎರಡು ತಿಂಗಳು ತಡವಾಯಿತು, ಆದರೆ ಬಂತು.

ವಾಹನ ನಿಲುಗಡೆಯ ಹತ್ತು ರೂಪಾಯಿ

ದೊಡ್ಡ ಮೊತ್ತದ ಮಾತಾಯಿತು. ಇನ್ನು ಸಣ್ಣದರ ಮಾತು. ಕಳೆದ ವರ್ಷ ಬಂಧುಗಳೊಬ್ಬರನ್ನು ನೋಡಲು ಒಂದು ಆಸ್ಪತ್ರೆಗೆ ಹೋದಾಗ, ಫಲಕದಲ್ಲಿ ದ್ವಿಚಕ್ರ ವಾಹನಕ್ಕೆ ಹತ್ತು ರೂಪಾಯಿ ಎಂದಿದ್ದರೂ ಕಾವಲಿನವನು ಇಪ್ಪತ್ತು ಕೇಳಿದ. ಕೊಟ್ಟ ಚೀಟಿಯಲ್ಲಿ ಗುತ್ತಿಗೆದಾರನ ಹೆಸರಿಲ್ಲ, ಮೊತ್ತವಿಲ್ಲ. 'ಮಾಲೀಕರ ಹೊಣೆ' ಎಂಬ ಒಂದೇ ಸಾಲು. ಸರಿಯಾದ ರಸೀದಿ ಕೇಳಿದೊಡನೆ ಹತ್ತು ರೂಪಾಯಿ ಮರಳಿ ಬಂತು. ನಾವು ಅಷ್ಟಕ್ಕೇ ಬಿಡದೆ ಆಸ್ಪತ್ರೆಯ ಆಡಳಿತಕ್ಕೆ ಬರೆದು ಕೊಟ್ಟೆವು. ಮುಂದಿನ ಸಲ ಹೋದಾಗ ದರದ ಫಲಕ ಬಾಗಿಲಲ್ಲೇ ಎದ್ದು ಕಾಣುತ್ತಿತ್ತು.

ಪಡೆದ ಹಣಕ್ಕೆ ರಸೀದಿ ಕೊಡದಿರುವುದನ್ನು 2019ರ ಕಾಯ್ದೆ 'ಅನುಚಿತ ವ್ಯಾಪಾರ ಪದ್ಧತಿ'ಗಳ ಪಟ್ಟಿಯಲ್ಲಿ ಸೇರಿಸಿದೆ. ಮಾಲ್‌ಗಳಲ್ಲಿ ನಿಲುಗಡೆ ಶುಲ್ಕ ಪಡೆಯಬಹುದೇ ಎಂಬ ಪ್ರಶ್ನೆಗೆ ದೇಶಕ್ಕೆಲ್ಲ ಒಂದೇ ಉತ್ತರವಿಲ್ಲ. ತೆಲಂಗಾಣ ಸರ್ಕಾರ 2018ರಲ್ಲಿ ಮೊದಲ ಅರ್ಧ ಗಂಟೆ ಶುಲ್ಕ ಕೂಡದೆಂದು ಆದೇಶಿಸಿತು. ಗುಜರಾತ್ ಉಚ್ಚ ನ್ಯಾಯಾಲಯ 2019ರಲ್ಲಿ ಮಾಲ್‌ಗಳು ಶುಲ್ಕ ಪಡೆಯುವಂತಿಲ್ಲವೆಂದಿತು. ಆ ಆದೇಶಗಳನ್ನು ಇಲ್ಲಿ ತೋರಿಸಿ ಜಗಳವಾಡುವುದರಲ್ಲಿ ಅರ್ಥವಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ: ಸ್ಥಳೀಯ ಸಂಸ್ಥೆಯ ಪರವಾನಗಿ ಇದೆಯೇ, ಫಲಕದ ದರವೇನು, ರಸೀದಿ ಎಲ್ಲಿ?

'ಮಾಲೀಕರ ಹೊಣೆ' ಎಂದು ಅಚ್ಚು ಹಾಕಿದ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. 1998ರಲ್ಲಿ ದೆಹಲಿಯ ಹೋಟೆಲೊಂದರ ಸಿಬ್ಬಂದಿಗೆ ಕೀಲಿ ಒಪ್ಪಿಸಿದ ಕಾರು ಕಳುವಾದ ಪ್ರಕರಣದಲ್ಲಿ, 2019ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೀಲಿ ಪಡೆದವರು ತಮ್ಮ ಕಡೆಯಿಂದ ನಿರ್ಲಕ್ಷ್ಯವಾಗಿಲ್ಲವೆಂದು ತೋರಿಸದೆ ಚೀಟಿಯ ಷರತ್ತಿನ ಮರೆಯಲ್ಲಿ ನಿಲ್ಲಲಾಗದೆಂದು ಹೇಳಿತು. ಅಪಾರ್ಟ್‌ಮೆಂಟಿನ ತೆರೆದ ನಿಲುಗಡೆ ಜಾಗಕ್ಕೂ ಬಿಲ್ಡರು ಬೇರೆ ಬೆಲೆ ಹೇಳಿದರೆ ಎಚ್ಚರವಿರಲಿ. ರೇರಾ ಕಾಯ್ದೆ ಅದನ್ನು ಎಲ್ಲ ನಿವಾಸಿಗಳ ಸಾಮೂಹಿಕ ಪ್ರದೇಶವೆಂದೇ ಪರಿಗಣಿಸುತ್ತದೆ.

ಲೆಕ್ಕ ಕೇಳುವುದು ವೈರವಲ್ಲ

ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಪತಿಗೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರು. ದುಡಿಮೆಗೆ ಸಲ್ಲದ್ದು ಮನೆಯೊಳಗೆ ಬರಬಾರದೆಂಬ ಆ ನಿಷ್ಠೆಯೇ ಕಾಯಕದ ತಿರುಳು. ಮಾಡದ ಕೆಲಸಕ್ಕೆ ಪಡೆದ ಹಣವನ್ನು ಹಿಂದಿರುಗಿಸೆಂದು ಕೇಳುವುದು ಆ ನಿಷ್ಠೆಗೆ ವಿರುದ್ಧವಲ್ಲ. ಅದನ್ನು ನೆನಪಿಸುವ ಕೆಲಸ. ಹಾಗೆಯೇ, ಮೇಸ್ತ್ರಿಯ ಕೂಲಿಯನ್ನು ಸತಾಯಿಸುವ ಮನೆಯೊಡೆಯರೂ ನಮ್ಮಲ್ಲಿದ್ದಾರೆ. ನಮ್ಮ ಗುತ್ತಿಗೆದಾರರನ್ನು ಮುಳುಗಿಸಿದ್ದು ಅಂಥ ಒಂದು ಮನೆಯೇ. ಲಕ್ಕಮ್ಮನವರ ಮಾತು ಅವರಿಗೂ ಸಲ್ಲುತ್ತದೆ.

ಈ ವರ್ಷ ಮಠದ ಜಾತ್ರೆಯಲ್ಲಿ ದಾಸೋಹದ ಪಂಕ್ತಿಯಲ್ಲಿ ಅವರು ನಮ್ಮ ತಾಯಿಯವರ ಎದುರಿಗೇ ಬಡಿಸುತ್ತ ಬಂದರು. ಒಂದು ಕ್ಷಣ ಇಬ್ಬರೂ ತಡೆದರು. "ಮನಿ ಮುಗೀತೇನವ್ವಾ?" ಎಂದು ಕೇಳಿದರು. "ಮುಗೀತಪಾ, ಒಮ್ಮೆ ಬಂದು ಹೋಗು" ಎಂದರು ತಾಯಿಯವರು. ಅವರು ಇನ್ನೂ ಬಂದಿಲ್ಲ. ಬಂದರೆ ಬಾಗಿಲು ತೆರೆದಿದೆ.