ಅಂಗಡಿಯಲ್ಲಿ ಅಣ್ಣತಮ್ಮ, ಮನೆಗೆ ಬಂದರೆ ದಾಯಾದಿ

ನಮ್ಮ ಮನೆಯ ಮೊದಲ ಅಕ್ವೇರಿಯಂನಲ್ಲಿ ಹನ್ನೆರಡು ನಿಯಾನ್ ಟೆಟ್ರಾಗಳಿದ್ದವು. ಜೊತೆಗೆ ನಾಣ್ಯದಗಲದ ಎರಡು ಏಂಜೆಲ್ ಮರಿ. ಐದಾರು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಬೆಳಗ್ಗೆ ಲೈಟ್ ಹಾಕಿದಾಗಲೆಲ್ಲ ಲೆಕ್ಕ ತಪ್ಪತೊಡಗಿತು: ಹನ್ನೊಂದು, ಹತ್ತು, ಎಂಟು. ಸತ್ತ ಮೀನು ತಳದಲ್ಲೂ ಇಲ್ಲ, ಫಿಲ್ಟರ್‌ನಲ್ಲೂ ಇಲ್ಲ. ಹಾರಿ ಬಿದ್ದಿರಬೇಕೆಂದು ಟೇಬಲ್ಲಿನ ಹಿಂದೆಲ್ಲ ಟಾರ್ಚ್ ಹಿಡಿದು ಹುಡುಕಿದೆವು. ಒಂದು ಬೆಳಗ್ಗೆ ಏಂಜೆಲ್ಲಿನ ಬಾಯಿಂದ ನೀಲಿ ಗೆರೆಯೊಂದು ಅರ್ಧ ಹೊರಗೆ ಕಂಡಿತು. ಹುಡುಕಾಟ ಅಲ್ಲಿಗೆ ನಿಂತಿತು.

ಅಂಗಡಿಯವರು ಸುಳ್ಳೇನೂ ಹೇಳಿರಲಿಲ್ಲ. "ಒಟ್ಟಿಗೆ ಇರ್ತಾವೆ ಸಾರ್, ನೋಡಿ, ನಮ್ಮಲ್ಲೇ ಒಂದೇ ಟ್ಯಾಂಕ್‌ನಲ್ಲಿವೆ" ಅಂದಿದ್ದರು. ಆ ದಿನ ಇದ್ದವು, ನಿಜ. ಮೀನಿನ ಜೊತೆಗಾರಿಕೆಯ ಬಗ್ಗೆ ನಾವು ನಂಬಿಕೊಂಡಿರುವ ಬಹುತೇಕ ಮಾತುಗಳ ಕಥೆ ಇಷ್ಟೇ. ಕೊಂಡ ದಿನದ ಮಟ್ಟಿಗೆ ಎಲ್ಲವೂ ನಿಜ.

"ಅಂಗಡಿಯಲ್ಲಿ ಒಟ್ಟಿಗಿದ್ದವು, ಮನೆಯಲ್ಲೂ ಇರುತ್ತವೆ"

ಅಂಗಡಿಯ ಟ್ಯಾಂಕು ಬಸ್ ಸ್ಟ್ಯಾಂಡಿನ ಹಾಗೆ. ಚೆನ್ನೈನ ಕೊಳತ್ತೂರಿನಿಂದಲೋ ಕೋಲ್ಕತ್ತಾದಿಂದಲೋ ಬಂದ ಮರಿಗಳು ಅಲ್ಲಿರುವುದು ಕೆಲವೇ ದಿನ. ಪ್ರಯಾಣದ ಸುಸ್ತು, ಮೇಲೆ ವಿಪರೀತ ಜನಸಂದಣಿ. ಈ ಮೂಲೆ ನನ್ನದು ಎನ್ನಲು ಯಾರಿಗೂ ಮೂಲೆಯೇ ಸಿಗುವುದಿಲ್ಲ. ಮನೆಗೆ ಬಂದು, ಹೊಟ್ಟೆ ತುಂಬಿ, ಮೈ ಬಲಿತ ಮೇಲೆಯೇ ಅವುಗಳ ನಿಜವಾದ ಸ್ವಭಾವ ಹೊರಬರುವುದು. ಏಂಜೆಲ್ಲೂ ನಿಯಾನೂ ಅಮೆಜಾನ್ ಸೀಮೆಯವೇ. ಒಂದೇ ಊರಿನವು, ಹೊಂದಿಕೊಳ್ಳುತ್ತವೆ ಎಂದುಕೊಂಡಿದ್ದೆ. ಆದರೆ ಆ ಊರಿನಲ್ಲೂ ಸಣ್ಣ ಟೆಟ್ರಾ ಏಂಜೆಲ್ಲಿನ ಆಹಾರವೇ. ನಿಯಾನ್ 3 ಸೆಂಟಿಮೀಟರಿನ ಆಸುಪಾಸಿಗೆ ನಿಲ್ಲುತ್ತದೆ, ಏಂಜೆಲ್ 15 ಸೆಂಟಿಮೀಟರ್‌ವರೆಗೆ ಹೋಗುತ್ತದೆ. ಬಾಯಲ್ಲಿ ಹಿಡಿಸುವುದೆಲ್ಲ ಮೀನಿಗೆ ತಿಂಡಿ. ಅದರಲ್ಲಿ ದ್ವೇಷವೂ ಇಲ್ಲ, ಜಗಳವೂ ಇಲ್ಲ.

"ಮೀನು ಟ್ಯಾಂಕಿನ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ"

ಬೆಳೆಯುವುದಿಲ್ಲ, ಕುಗ್ಗುತ್ತದೆ. ಇಕ್ಕಟ್ಟಿನಲ್ಲಿ ಕೊಳೆತ ನೀರು ಕುಡಿಯುತ್ತಾ ಬೆನ್ನು ಡೊಂಕಾಗಿ ಆಯಸ್ಸು ತೀರುವ ಮೊದಲೇ ಹೋಗುವ ಮೀನನ್ನು ನೋಡಿ ನಾವು "ಹೊಂದಿಕೊಂಡಿದೆ" ಅನ್ನುತ್ತೇವೆ. ಅಂಗಡಿಗಳಲ್ಲಿ 'ಶಾರ್ಕ್' ಎಂದು ಬೆರಳುದ್ದದ ಬೆಳ್ಳಿಬಣ್ಣದ ಮರಿ ಮಾರುತ್ತಾರಲ್ಲ, ಅದು ಬಹಳ ಸಲ ಪಂಗಾಸಿಯಸ್. ಹೋಟೆಲುಗಳಲ್ಲಿ 'ಬಾಸಾ' ಹೆಸರಿನಲ್ಲಿ ತಟ್ಟೆಗೆ ಬರುವ ಮೀನೇ ಅದು. ಮೆಕಾಂಗ್ ನದಿಯಲ್ಲಿ ಒಂದು ಮೀಟರ್ ದಾಟುತ್ತದೆ.

ಇದರ ಜೊತೆಗೇ ಇನ್ನೊಂದು ಹಳೆಯ ಸೂತ್ರ ಓಡಾಡುತ್ತದೆ: ಒಂದು ಗ್ಯಾಲನ್ ನೀರಿಗೆ ಒಂದು ಇಂಚು ಮೀನು. ಲೆಕ್ಕ ಹಾಕಿ ನೋಡಿ. 3 ಸೆಂಟಿಮೀಟರಿನ ಹತ್ತು ನಿಯಾನ್ ಸಾಲಾಗಿಟ್ಟರೆ 30 ಸೆಂಟಿಮೀಟರ್. ಬೆಳೆದ ಆಸ್ಕರ್ ಒಂದೇ 30 ಸೆಂಟಿಮೀಟರ್. ಸೂತ್ರದ ಪ್ರಕಾರ ಎರಡೂ ಸಮ. ಆದರೆ ಮೀನು ಉದ್ದವಾದಷ್ಟೂ ಅಗಲಕ್ಕೂ ದಪ್ಪಕ್ಕೂ ಬೆಳೆಯುತ್ತದೆ. ಉದ್ದ ಹತ್ತು ಪಟ್ಟಾದರೆ ತೂಕ ಹೆಚ್ಚುಕಡಿಮೆ ಸಾವಿರ ಪಟ್ಟು. ಅಂದರೆ ಆ ಒಂದು ಆಸ್ಕರ್ ಹತ್ತು ನಿಯಾನ್‌ಗಳ ನೂರರಷ್ಟು ತೂಗುತ್ತದೆ. ತಿನ್ನುವುದೂ ಹೊಲಸು ಮಾಡುವುದೂ ಎಷ್ಟೋ ಪಟ್ಟು ಹೆಚ್ಚು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಹಿಡಿಸುವುದೇ 56 ಲೀಟರ್. ಕಲ್ಲು ಮರಳು ಕಳೆದರೆ ಐವತ್ತೂ ಉಳಿಯುವುದಿಲ್ಲ.

"ಒಂದೊಂದು ಜೋಡಿ ಕೊಡಿ"

ನಮ್ಮಲ್ಲಿ ಮೀನು ಕೊಳ್ಳುವ ಕ್ರಮವೇ ಇದು. ಮಾರುವವರೂ ಜೋಡಿಗೆ ಇಷ್ಟು ಎಂದೇ ಹೇಳುತ್ತಾರೆ. ಎರಡು ಟೆಟ್ರಾ, ಎರಡು ಗಪ್ಪಿ, ಎರಡು ಟೈಗರ್ ಬಾರ್ಬ್, ಎರಡು ಏಂಜೆಲ್: ನೋಡಲು ಮದುವೆ ಮಂಟಪದ ಹಾಗೆ. ಆದರೆ ಜೋಡಿಯೆಂಬುದು ನಮ್ಮ ಲೆಕ್ಕವೇ ಹೊರತು ಮೀನಿನದಲ್ಲ.

ಟೆಟ್ರಾಕ್ಕೆ ಬೇಕಾದದ್ದು ಗುಂಪು. ಆರಕ್ಕಿಂತ ಕಡಿಮೆಯಾದರೆ ಗಿಡದ ಹಿಂದೆ ಬಣ್ಣಗೆಟ್ಟು ನಿಂತಿರುತ್ತದೆ. ಟೈಗರ್ ಬಾರ್ಬ್ ಎರಡೇ ಇದ್ದರೆ ಪಕ್ಕದವರ ರೆಕ್ಕೆ ಕಚ್ಚುತ್ತದೆ. ಎಂಟು ಹತ್ತು ಇದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಸಿಕೊಂಡಿರುತ್ತವೆ, ಊರವರ ಗೊಡವೆ ಕಡಿಮೆ. ಹಾಗೆಂದು ಉದ್ದ ರೆಕ್ಕೆಯ ಏಂಜೆಲ್ ಜೊತೆ ಬಿಡಬೇಡಿ, ಕಚ್ಚುವ ಆಸೆ ಅಷ್ಟು ಸುಲಭವಾಗಿ ಹೋಗುವುದಲ್ಲ. ಗಪ್ಪಿಯಲ್ಲಿ ಒಂದು ಗಂಡು ಒಂದು ಹೆಣ್ಣು ಬಿಟ್ಟರೆ ಗಂಡು ಬೆನ್ನು ಬಿಡದೆ ಹೆಣ್ಣನ್ನು ಸುಸ್ತು ಮಾಡಿಹಾಕುತ್ತದೆ. ಒಂದಕ್ಕೆ ಎರಡು ಮೂರು ಹೆಣ್ಣಿರಬೇಕು. ಮರಿ ಬೇಡವೆಂದರೆ ಬರೀ ಗಂಡು ತನ್ನಿ. ಬರೀ ಹೆಣ್ಣು ತಂದರೆ ಉಪಯೋಗವಿಲ್ಲ, ಅಂಗಡಿಯಲ್ಲೇ ಬಸಿರಾಗಿ ಬಂದಿರುತ್ತವೆ, ಒಮ್ಮೆ ಕೂಡಿದ ಬೀಜವನ್ನು ತಿಂಗಳುಗಟ್ಟಲೆ ಒಳಗಿಟ್ಟುಕೊಳ್ಳುತ್ತವೆ.

ಇನ್ನು ಏಂಜೆಲ್ ಜೋಡಿ ನಿಜವಾಗಿಯೂ ಜೋಡಿಯಾದರೆ ಬೇರೆಯೇ ಫಜೀತಿ. ನಮ್ಮವು ಫಿಲ್ಟರ್ ಪೈಪಿನ ಮೇಲೆ ಮೊಟ್ಟೆ ಸಾಲು ಇಟ್ಟವು. ಅಂದಿನಿಂದ ಟ್ಯಾಂಕಿನ ಬಲಭಾಗ ಪೂರ್ತಿ ಅವಕ್ಕೆ. ಅಳಿದುಳಿದ ನಾಲ್ಕು ಟೆಟ್ರಾ ಎಡಮೂಲೆಯ ಗಾಜಿಗೆ ಅಂಟಿಕೊಂಡು ನಿಂತವು. ಗಾಜು ಒರೆಸಲು ಹೋದ ನನ್ನ ಕೈಗೂ ಮೂತಿ ಹೊಡೆತ ಬಿತ್ತು. ಆ ವಾರವೇ ಟೆಟ್ರಾಗಳನ್ನು ತಂಗಿಯ ಮನೆಗೆ ಸಾಗಿಸಿದೆ.

"ನೀರು ಎಲ್ಲ ಒಂದೇ"

ಯಾರು ಯಾರೊಂದಿಗೆ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು, ಯಾರೂ ಕೇಳುವುದಿಲ್ಲ. ನಿಮ್ಮ ನಲ್ಲಿಯಲ್ಲಿ ಬರುವುದು ಯಾವ ನೀರು? ಗೀಸರಿನ ಕಾಯಿಲಿಗೆ ಬಿಳಿ ಪೊರೆ ಕಟ್ಟಿ, ಸೋಪು ನೊರೆ ಬರದಿದ್ದರೆ ಅದು ಗಡಸು ಬೋರ್‌ವೆಲ್ ನೀರು. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಅದೇ ಹಿತ. ಮೆದು ನೀರಿನ ನಿಯಾನ್ ಅಲ್ಲಿ ಏಗಲಾರದು. ಪೈಪಿನ ಕಾವೇರಿ ನೀರು ಅಷ್ಟು ಗಡಸಲ್ಲ, ಆದರೆ ಕ್ಲೋರಿನ್ ಹೋಗಲು ರಾತ್ರಿಯಿಡೀ ಬಕೆಟ್ಟಿನಲ್ಲಿಡಬೇಕು, ಇಲ್ಲವೇ ಕ್ಲೋರಿನ್ ಕಳೆಯುವ ಹನಿ ಹಾಕಬೇಕು. ಟ್ಯಾಂಕರ್ ನೀರಿನ ಮನೆಯವರ ಪಾಡು ದೇವರಿಗೇ ಪ್ರೀತಿ, ಇವತ್ತಿನ ಬೋರ್ ಬೇರೆ, ನಾಳೆಯದು ಬೇರೆ. ಆರ್‌ಒ ನೀರೇ ಶ್ರೇಷ್ಠ ಎಂದು ಅದನ್ನೊಂದೇ ತುಂಬಿಸುವವರಿದ್ದಾರೆ. ಮೀನಿಗೆ ಬೇಕಾದ ಲವಣವೂ ಅದರಲ್ಲಿ ಉಳಿದಿರುವುದಿಲ್ಲ.

ಬಿಸಿಯೂ ಹಾಗೆಯೇ. ಗೋಲ್ಡ್ ಫಿಶ್‌ಗೆ 18ರಿಂದ 23 ಡಿಗ್ರಿಯ ತಂಪು ಇಷ್ಟ, ಡಿಸ್ಕಸ್‌ಗೆ 28ರಿಂದ 30. ಇಬ್ಬರನ್ನೂ ಒಂದೇ ಮನೆಯಲ್ಲಿಟ್ಟು 25ಕ್ಕೆ ರಾಜಿ ಮಾಡಿಸಿದರೆ ಇಬ್ಬರಿಗೂ ಕಷ್ಟ.

"ಎಂಟು ಕೆಂಪು, ಒಂದು ಕಪ್ಪು"

ಗೋಲ್ಡ್ ಫಿಶ್‌ಗಳನ್ನು ಈ ಲೆಕ್ಕದಲ್ಲಿ ಇಟ್ಟರೆ ಮನೆಗೆ ಶುಭ ಎಂಬ ಚೀನಾದ ಫೆಂಗ್‌ಶುಯಿ ನಮ್ಮಲ್ಲಿ ವಾಸ್ತುವಿನ ಹೆಸರಲ್ಲಿ ನಡೆಯುತ್ತದೆ. ನಂಬಿಕೆಯ ತಂಟೆ ನನಗೆ ಬೇಡ, ಆ ಕಪ್ಪು ಮೀನಿನ ಗತಿ ಮಾತ್ರ ನೋಡಿ. ಸಾಮಾನ್ಯವಾಗಿ ಅದು ಬ್ಲ್ಯಾಕ್ ಮೂರ್. ಉಬ್ಬಿದ ಕಣ್ಣು, ಮಂದ ದೃಷ್ಟಿ. ಎಂಟು ಚುರುಕು ಗೋಲ್ಡ್ ಫಿಶ್ ಕಾಳನ್ನೆಲ್ಲ ಮುಕ್ಕಿ ಮುಗಿಸುವ ಹೊತ್ತಿಗೆ ಇದಕ್ಕೆ ಕಾಳು ಬಿದ್ದದ್ದೇ ಗೊತ್ತಾಗಿರುವುದಿಲ್ಲ. ಎರಡಡಿ ಟ್ಯಾಂಕಿನಲ್ಲಿ ಒಂಬತ್ತು ಗೋಲ್ಡ್ ಫಿಶ್ ಎಂದರೆ ತಲೆಗೆ ಆರು ಲೀಟರೂ ಇಲ್ಲ.

"ಫೈಟರ್ ಯಾರ ಜೊತೆಗೂ ಇರುವುದಿಲ್ಲ"

ಎರಡು ಗಂಡು ಫೈಟರ್ ಒಟ್ಟಿಗಿರುವುದಿಲ್ಲ, ಅಷ್ಟು ನಿಜ. ತಳದಲ್ಲಿ ತಮ್ಮಷ್ಟಕ್ಕೆ ಮರಳು ಕೆದಕುವ ಕೋರಿಡೋರಾಸ್ ಗುಂಪಿನೊಡನೆ ಅಗಲವಾದ ಟ್ಯಾಂಕಿನಲ್ಲಿ ಹೆಚ್ಚಿನ ಫೈಟರ್‌ಗಳು ಸುಮ್ಮನಿರುತ್ತವೆ. ಬಣ್ಣದ ಬಾಲ ಬೀಸುವ ಗಂಡು ಗಪ್ಪಿ ಕಂಡರೆ ಮಾತ್ರ ಅದೂ ಫೈಟರ್ ಎಂದುಕೊಂಡು ಮೇಲೆ ಬೀಳುತ್ತವೆ.

"ಎಲ್ಲವನ್ನೂ ಒಂದೇ ದಿನ ಬಿಟ್ಟರೆ ಹೊಂದಿಕೊಳ್ಳುತ್ತವೆ"

ಹೊಸ ಟ್ಯಾಂಕಿನಲ್ಲಿ ಮೀನಿನ ಹೊಲಸಿನ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಕೂಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅದಾದ ಮೇಲೂ ಸಾಧು ಮೀನು ಮೊದಲು, ಜಾಗಕ್ಕೆ ಜಗಳವಾಡುವವು ಕೊನೆಗೆ. ಮೊದಲು ಬಂದವನಿಗೆ ಯಜಮಾನಿಕೆ ತಾನಾಗಿ ಬರುತ್ತದೆ.

"ಸಕ್ಕರ್ ಒಂದಿರಲಿ, ಗಲೀಜು ತಿನ್ನುತ್ತದೆ. ದೊಡ್ಡದಾದರೆ ಕೆರೆಗೆ ಬಿಡೋಣ"

ಅದು ಗಲೀಜು ತಿನ್ನುವುದಿಲ್ಲ, ಗಲೀಜು ಮಾಡುತ್ತದೆ. ಮರಿಯಿದ್ದಾಗ ಗಾಜಿನ ಪಾಚಿ ಕೆರೆಯುತ್ತದೆ, ಬೆಳೆದಂತೆ ಹಾಕಿದ ಕಾಳಿಗೇ ಬಾಯಿ ಹಾಕುತ್ತದೆ. ರಾತ್ರಿ ನಿದ್ದೆಯಲ್ಲಿರುವ ಗೋಲ್ಡ್ ಫಿಶ್‌ನ ಪಕ್ಕೆಗೆ ಕಚ್ಚಿಕೊಂಡು ಮೈಲೋಳೆ ಹೀರುವುದೂ ಉಂಟು. ಬೆಳಗ್ಗೆ ಮೀನಿನ ಮೈಮೇಲೆ ಸುಲಿದಂಥ ಕೆಂಪು ಗುರುತು ಕಂಡರೆ ಬೇರೆ ರೋಗ ಹುಡುಕುವ ಮೊದಲು ಸಕ್ಕರ್ ಕಡೆ ನೋಡಿ. ಅಡಿ ದಾಟಿ ಬೆಳೆಯುವ ಈ ದಕ್ಷಿಣ ಅಮೆರಿಕದ ಮೀನನ್ನು ಪಾಪ ಎಂದು ಕೆರೆಗೆ ಬಿಟ್ಟವರಿಂದಲೇ ಅದು ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ನೆಲೆಯೂರಿದೆ. ಆಂಧ್ರದ ಮೀನುಗಾರರು ಅದನ್ನು ದೆವ್ವದ ಮೀನು ಅನ್ನುತ್ತಾರೆ. ಮುಳ್ಳಿನಂಥ ರೆಕ್ಕೆ ಬಲೆ ಹರಿಯುತ್ತದೆ, ಹಿಡಿದರೆ ಕೊಳ್ಳುವವರಿಲ್ಲ.

ನಮ್ಮದೂ ಒಂದಿತ್ತು, ಮೊಳದ ಹತ್ತಿರ ಬಂದಿತ್ತು. ಬಕೆಟ್ಟಿನಲ್ಲಿ ಹಾಕಿಕೊಂಡು, ಮೇಲೆ ಒದ್ದೆ ಗೋಣಿ ಮುಚ್ಚಿ, ತಂದ ಅಂಗಡಿಗೇ ಒಯ್ದೆ. ಹಣ ವಾಪಸ್ ಕೊಡಲಿಲ್ಲ, ಮೀನು ವಾಪಸ್ ತಗೊಂಡರು. ಹೊರಡುವಾಗ ಕೇಳಿದರು: "ಮರಿ ಸಕ್ಕರ್ ಬಂದಿದೆ ಸಾರ್, ಒಂದು ಜೋಡಿ ಕಟ್ಟಲಾ?"