ದೂರ ಒಂದು, ದಾರಿ ಎರಡು

ಚಿಕ್ಕಜಾಜೂರಿನಿಂದ ಬೆಂಗಳೂರಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 200 ಕಿ.ಮೀ. ರೈಲು ಮಾತ್ರ ಬೀರೂರು, ಅರಸೀಕೆರೆ, ತಿಪಟೂರು ಎಂದು ಸುತ್ತಿ ಬರುತ್ತದೆ; ಹಳಿ ಹೋದತ್ತ ಅದರ ದಾರಿ. ಹಳಿಯೇ ಇಲ್ಲದ ವಿಮಾನವಾದರೂ ನೇರವಾಗಿ ಹೋಗುತ್ತದೆಯೇ?

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವಿನ ನೇರ ದೂರ ಸುಮಾರು 13,990 ಕಿ.ಮೀ. ಗೋಡೆಯ ನಕ್ಷೆ ನೋಡಿದವರು ಈ ದಾರಿ ಪೂರ್ವಕ್ಕೋ ಪಶ್ಚಿಮಕ್ಕೋ ಇರಬೇಕು ಎಂದುಕೊಳ್ಳುತ್ತಾರೆ. ಗೋಲದ ಮೇಲೆ ಈ ಎರಡು ಊರುಗಳ ನಡುವೆ ದಾರ ಬಿಗಿದು ನೋಡಿ: ಅದು ಉತ್ತರಕ್ಕೇ ಏರುತ್ತದೆ. ಟಿಬೆಟ್, ಸೈಬೀರಿಯಾ ದಾಟಿ 71 ಡಿಗ್ರಿ ಅಕ್ಷಾಂಶದವರೆಗೆ ಹೋಗಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಎರಡೂ ಊರುಗಳ ರೇಖಾಂಶದ ಅಂತರ 160 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಭೂಮಿಯ ಎದುರುಬದುರು. ಹಾಗಾಗಿ ಅಡ್ಡಕ್ಕೆ ಸುತ್ತುವುದಕ್ಕಿಂತ ನೆತ್ತಿಯ ಬಳಿ ದಾಟುವುದೇ ಹತ್ತಿರ. ಗೋಲದ ಮೇಲಿನ ಈ ಅತಿ ಹತ್ತಿರದ ಗೆರೆಗೆ ಮಹಾವೃತ್ತ ಎಂದು ಹೆಸರು.

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರೇ. ಅವರು ಹಿಡಿದದ್ದು ಮಹಾವೃತ್ತವನ್ನಲ್ಲ, ಉತ್ತರ ಧ್ರುವ ಪ್ರದೇಶದ ಹಾದಿಯನ್ನು. ಧ್ರುವದ ಮೇಲೇ ಹಾದು ಬಂದರೆ ದೂರ ಸುಮಾರು 14,370 ಕಿ.ಮೀ. ಆಗುತ್ತದೆ. ಬಳಸುದಾರಿಯನ್ನು ಬೇಕೆಂದೇ ಆರಿಸಿಕೊಳ್ಳುವುದೇಕೆ?

ಗಾಳಿಗಾಗಿ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ, ಅದರಲ್ಲೂ ಜಪಾನಿನ ಆಚೆಯ ಪೆಸಿಫಿಕ್ ಮೇಲೆ, ಅದರ ವೇಗ ಗಂಟೆಗೆ 200 ಕಿ.ಮೀ. ಮೀರುವುದುಂಟು. ಭಾರತಕ್ಕೆ ಬರುವ ವಿಮಾನಕ್ಕೆ ಅದು ಎದುರುಗಾಳಿ. ಅಮೆರಿಕಕ್ಕೆ ಹೋಗುವ ವಿಮಾನಕ್ಕೆ ಅದೇ ಬೆನ್ನುಗಾಳಿ. ಆದ್ದರಿಂದ ಹೋಗುವಾಗ ಪೆಸಿಫಿಕ್ ಕಡೆ ವಾಲಿ ಗಾಳಿಯ ನೆರವು ಪಡೆಯುವುದು, ಬರುವಾಗ ಧ್ರುವದತ್ತ ಸರಿದು ಅದನ್ನು ತಪ್ಪಿಸುವುದು. ವಿಮಾನಯಾನದ ಲೆಕ್ಕದಲ್ಲಿ ಕಿಲೋಮೀಟರಿಗಿಂತ ಗಂಟೆ ಮತ್ತು ಇಂಧನವೇ ದೊಡ್ಡವು.

ಧ್ರುವದ ಹಾದಿಗೆ ಅದರದೇ ಕಷ್ಟಗಳಿವೆ. ಅಮೆರಿಕದಲ್ಲಿ ಸಾಮಾನ್ಯವಾಗಿ ತುಂಬುವ ‘ಜೆಟ್ ಎ’ ಇಂಧನ ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗತೊಡಗುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುತ್ತದೆ. ರೆಕ್ಕೆಯೊಳಗಿನ ಇಂಧನದ ಉಷ್ಣತೆಯ ಮೇಲೆ ಪೈಲಟ್‌ಗಳು ಕಣ್ಣಿಟ್ಟಿರಬೇಕು, ಅಗತ್ಯ ಬಿದ್ದರೆ ಬೆಚ್ಚಗಿನ ಪದರಕ್ಕೆ ಇಳಿಯಬೇಕು. ತುರ್ತಾಗಿ ಇಳಿಯಲು ನಿಲ್ದಾಣಗಳೂ ಅಲ್ಲಿ ಅಪರೂಪ.

ಆ ವಿಮಾನ ಸುಮಾರು 17 ಗಂಟೆ ಹಾರಿ ಜನವರಿ 11ರ ಬೆಳಗಿನ ಜಾವ ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯಿತು. ಶನಿವಾರ ರಾತ್ರಿ ಹತ್ತಿದವರಿಗೆ ಸೋಮವಾರ! ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ. ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ, ಅಲ್ಲಿ ಇನ್ನೂ ಅದೇ ದಿನದ ಸಂಜೆ ನಾಲ್ಕೂವರೆ.